ಕರುಣೆಯ ಬಾಗಿಲು ಕಟ್ಟಿದ ಸೈನಿಕ: ಸಮುವೇಲ್ ದಿವೇಕರ್

ಭಾನುವಾರದ ಆರಾಧನೆಯ ಸಂದೇಶ, ಭೀಮರಾಯನಗುಡಿ
ವಾಕ್ಯಭಾಗ: ಲೂಕ 4:16-21, ಪ್ರಸಂಗಿ 5:4-5

  ಹಿಂದೆ ನಿಂತವರು ಮುಂದೆ ಬಂದು ಕೂತ್ಕೊಳ್ರಿ, ಜಾಗ ಬಹಳ ಐತಿ.

ಪ್ರಿಯರೇ, ಈಗ ಓದಿದ ಭಾಗದಲ್ಲಿ ಒಂದು ಸಣ್ಣ ವಿಷಯವನ್ನು ನಾವು ದಾಟಿಕೊಂಡು ಹೋಗಿಬಿಡುತ್ತೇವೆ. ಯೇಸು ನಜರೇತಿನ ಸಭಾಮಂದಿರಕ್ಕೆ ಹೋದದ್ದು ಅವತ್ತು ಒಂದೇ ದಿನ ಅಲ್ಲ, ಪ್ರತಿ ಸಬ್ಬತ್ತಿಗೆ ಹೋಗುವುದು ಆತನ ರೂಢಿಯೇ ಆಗಿತ್ತು. ಅಲ್ಲಿ ಆತನ ಕೈಗೆ ಯೆಶಾಯನ ಸುರುಳಿ ಕೊಟ್ಟರು. ಎದ್ದು ನಿಂತು ಓದಿದನು, ಸುತ್ತಿ ಕೊಟ್ಟನು, ಕೂತು ಬೋಧಿಸಿದನು. ದೇವಕುಮಾರನೇ ವಾರವಾರ ಸಭೆಯೊಳಗೆ ಹೋಗಿ ಜನರ ನಡುವೆ ಕೂತನು. ಹಾಗಾದರೆ ಆ ಸಭಾಮಂದಿರದಲ್ಲಿ ಅಂಥದ್ದು ಏನಿತ್ತು?

ಯೆರೂಸಲೇಮಿನ ದೇವಾಲಯ ಬೇರೆ, ಸಭಾಮಂದಿರ ಬೇರೆ. ದೇವಾಲಯ ಒಂದೇ ಇತ್ತು. ಅಲ್ಲಿ ಯಾಜಕರಿದ್ದರು, ಯಜ್ಞವೇದಿ ಇತ್ತು. ಸಭಾಮಂದಿರ ಊರೂರಿಗೆ ಇತ್ತು. ಅಲ್ಲಿ ಬಲಿ ಇಲ್ಲ. ಅಲ್ಲಿರುವುದು ಮೂರೇ: ಕೂಡಿಬಂದ ಜನ, ಪ್ರಾರ್ಥನೆ, ದೇವರ ವಾಕ್ಯದ ಓದು. ಕ್ರಿಸ್ತಶಕ 70ರಲ್ಲಿ ರೋಮಿನವರು ದೇವಾಲಯವನ್ನು ಕೆಡವಿದರು. ಆದರೂ ಯೆಹೂದ್ಯರ ಆರಾಧನೆ ನಿಲ್ಲಲಿಲ್ಲ. ಯಾಕಂದ್ರೆ ಹತ್ತು ಜನ ಕೂಡಿದ ಕಡೆ ಸಭೆ ನಡೆಯುತ್ತಿತ್ತು. ಅವರ ಪದ್ಧತಿಯಲ್ಲಿ 13 ವರ್ಷ ದಾಟಿದ ಹತ್ತು ಗಂಡಸರು ಇರಬೇಕು. ಅದಕ್ಕೆ ಮಿನ್ಯಾನ್ ಅನ್ನುತ್ತಾರೆ. ಒಂಬತ್ತೇ ಜನ ಇದ್ದರೆ ಒಬ್ಬೊಬ್ಬರಾಗಿ ಪ್ರಾರ್ಥಿಸಬಹುದು, ಆದರೆ ಸುರುಳಿ ತೆಗೆದು ಸಭೆಯಾಗಿ ಓದುವಂತಿಲ್ಲ. ಸತ್ತವರ ನೆನಪಿಗೆ ಮಾಡುವ ಪ್ರಾರ್ಥನೆಯನ್ನೂ ಹೇಳುವಂತಿಲ್ಲ. ಹತ್ತನೆಯವನು ಬರುವವರೆಗೂ ಕಾಯಬೇಕು. ಆ ಹತ್ತನೆಯವನು ದೊಡ್ಡ ಪಂಡಿತನೇ ಆಗಬೇಕಂತಿಲ್ಲ, ಬಂದರೆ ಸಾಕು.

ಇವತ್ತು ನಾನು ನಿಮಗೆ ಒಬ್ಬ ಮನುಷ್ಯನ ಜೀವನ ಹೇಳಬೇಕು. ಅವರು ಬೈಬಲಿನಲ್ಲಿ ಬರುವವರಲ್ಲ, ಕ್ರೈಸ್ತರೂ ಅಲ್ಲ. ನಮ್ಮ ದೇಶದ ಯೆಹೂದ್ಯರು. ನಮ್ಮ ಕನ್ನಡ ನಾಡಿನ ಸೆರೆಮನೆಯಲ್ಲಿ ಕೂತು ಪ್ರಾರ್ಥಿಸಿದವರು. ಹೆಸರು ಸಮುವೇಲ್ ಯೆಹೆಜ್ಕೇಲ್ ದಿವೇಕರ್. ಮರಾಠಿ ಮಾತಿನಲ್ಲಿ ಸಾಮಾಜಿ ಹಸಾಜಿ ದಿವೇಕರ್. ಸಾಮಾಜಿ ಅಂದರೆ ಸಮುವೇಲ, ಹಸಾಜಿ ಅಂದರೆ ಯೆಹೆಜ್ಕೇಲ. ಊರ ಹೆಸರಿಗೆ ಕರ್ ಸೇರಿಸಿದರೆ ಅದೇ ಮನೆತನದ ಹೆಸರು. ಬೆಳಗಾವಿ ಕಡೆಯವರಿಗೆ ಇದು ಗೊತ್ತು.

ಇವರ ಜನರಿಗೆ ಬೆನೆ ಇಸ್ರಾಯೇಲ್ ಅಂತ ಹೆಸರು, ಅಂದರೆ ಇಸ್ರಾಯೇಲನ ಮಕ್ಕಳು. ಬಹಳ ಹಿಂದೆ ಒಂದು ಹಡಗು ಕೊಂಕಣದ ನವಗಾಂವ್ ಹತ್ತಿರ ಒಡೆಯಿತು, ಏಳು ಗಂಡಸರು ಏಳು ಹೆಂಗಸರು ಮಾತ್ರ ದಡ ಸೇರಿದರು, ಗ್ರಂಥಗಳೆಲ್ಲ ಸಮುದ್ರದ ಪಾಲಾದವು ಅಂತ ಅವರ ಹಿರಿಯರು ಹೇಳುತ್ತಾ ಬಂದಿದ್ದಾರೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ಹಾಕಿ ಎಣ್ಣೆ ತೆಗೆದು ಬದುಕಿದರು. ಮರಾಠಿ ಮಾತಾಡಿದರು. ಆದರೆ ಶನಿವಾರ ಗಾಣ ತಿರುಗಲಿಲ್ಲ. ಅದಕ್ಕೇ ಸುತ್ತಲಿನವರು ಅವರಿಗೆ ಶನಿವಾರ ತೇಲಿ ಅಂತ ಹೆಸರಿಟ್ಟರು. ಶನಿವಾರ ಕೆಲಸ ಮಾಡದ ಗಾಣಿಗರು ಅಂತ ಅದರ ಅರ್ಥ.

ಸ್ವಲ್ಪ ಯೋಚನೆ ಮಾಡ್ರಿ. ಪುಸ್ತಕ ಇಲ್ಲ, ಸಭಾಮಂದಿರ ಇಲ್ಲ, ರಬ್ಬಿ ಇಲ್ಲ. ಉಳಿದದ್ದು ಏನು? ಸಬ್ಬತ್ತಿನ ವಿಶ್ರಾಂತಿ. ಎಂಟನೆಯ ದಿನದ ಸುನ್ನತಿ. ಆಹಾರದ ನಿಯಮಗಳು. ಆಮೇಲೆ ಒಂದೇ ಒಂದು ಪ್ರಾರ್ಥನೆ, ಶೆಮಾ. ಧರ್ಮೋಪದೇಶಕಾಂಡ 6ನೇ ಅಧ್ಯಾಯದಲ್ಲಿ, ದೇವರು ಒಬ್ಬನೇ ಎಂದು ಸಾರುವ ಆ ಸಾಕ್ಷಿ. ಮಗು ಹುಟ್ಟಿದರೂ ಅದೇ, ಮದುವೆಗೂ ಅದೇ, ಸಾವಿಗೂ ಅದೇ. ಪ್ರವಾದಿ ಎಲೀಯನ ನೆನಪಿಗೆ ಅವಲಕ್ಕಿ, ಕಾಯಿತುರಿ, ಸಕ್ಕರೆ, ಹಣ್ಣು ಕೂಡಿಸಿ ಮನೆಯಲ್ಲಿ ಇಟ್ಟು ಸ್ತೋತ್ರ ಮಾಡುತ್ತಿದ್ದರು. ಒಂದೇ ಪ್ರಾರ್ಥನೆಯ ಮೇಲೆ ಒಂದು ಜನಾಂಗ ನೂರಾರು ವರ್ಷ ನಿಂತಿತು. ನಮ್ಮ ಮನೆಯಲ್ಲಿ ಮಕ್ಕಳಿಗೆ ಎಷ್ಟು ಪ್ರಾರ್ಥನೆ ಬಾಯಿಪಾಠ ಬರ್ತದ ಅಂತ ಮನೆಗೆ ಹೋಗಿ ಕೇಳ್ರಿ.

18ನೇ ಶತಮಾನದ ನಡುವೆ ಈ ಜನ ಕೊಂಕಣ ಬಿಟ್ಟು ದುಡಿಮೆಗಾಗಿ ಮುಂಬೈಗೆ ಬರತೊಡಗಿದರು. ನಮ್ಮವರು ಗುಳೆ ಹೋದ ಹಾಗೇ. ಗಾಣ ಬಿಟ್ಟು ಕೆಲವರು ಬಡಗಿ ಕೆಲಸ ಹಿಡಿದರು, ಬಹಳ ಮಂದಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದರು. ಸಮುವೇಲ್ ದಿವೇಕರ್ ಅವರೂ ಸೈನ್ಯ ಸೇರಿ ಕಮಾಂಡೆಂಟ್ ಹುದ್ದೆಗೆ ಏರಿದರು. ಆ ಕಾಲದ ಕಂಪನಿ ಸೈನ್ಯದಲ್ಲಿ ನಮ್ಮ ದೇಶದವನಿಗೆ ಅದು ದೊಡ್ಡ ಹುದ್ದೆ. ಸಂಬಳ, ಮಾನ, ಎಲ್ಲ ಇತ್ತು.

1780ರಲ್ಲಿ ಎರಡನೇ ಆಂಗ್ಲೋ ಮೈಸೂರು ಯುದ್ಧ ಶುರುವಾಯಿತು. 1782ರ ಕೊನೆಗೆ ಹೈದರ್ ಅಲಿ ತೀರಿಕೊಂಡ ಮೇಲೆ ಟಿಪ್ಪು ಸುಲ್ತಾನ್ ಯುದ್ಧ ಮುಂದುವರಿಸಿದನು. 1783ರಲ್ಲಿ ಮುಂಬೈ ಸೈನ್ಯ ಘಟ್ಟ ಹತ್ತಿ ಬಿದನೂರು ಹಿಡಿಯಿತು. ಅದೇ ಇವತ್ತಿನ ಶಿವಮೊಗ್ಗ ಜಿಲ್ಲೆಯ ನಗರ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ತಿರುಗಿ ಗೆದ್ದನು, ಕಂಪನಿಯ ಸೈನಿಕರು ಬಹಳ ಜನ ಸೆರೆಯಾದರು. ಆ ಯುದ್ಧದಲ್ಲಿಯೇ ಸಮುವೇಲ್ ಅವರೂ ಟಿಪ್ಪುವಿನ ಕೈಗೆ ಸಿಕ್ಕರು.

ಸೆರೆಯಲ್ಲಿ ಏನಾಯಿತು ಎಂಬುದನ್ನು ಅವರ ಜನ ತಲೆಮಾರಿನಿಂದ ತಲೆಮಾರಿಗೆ ಹೀಗೆ ಹೇಳಿಕೊಂಡು ಬಂದಿದ್ದಾರೆ. ಸಾವು ಎದುರಿಗೇ ಇತ್ತು. ಕೈದಿಗಳನ್ನು ನೀವು ಯಾವ ಜನ ಅಂತ ವಿಚಾರಿಸಿದರು. ತಾನು ಬೆನೆ ಇಸ್ರಾಯೇಲ್ ಎಂದು ಸಮುವೇಲ್ ಹೇಳಿದರು. ಆ ಹೆಸರು ಟಿಪ್ಪುವಿನ ತಾಯಿಯ ಕಿವಿಗೆ ಬಿತ್ತು. ಕುರಾನಿನಲ್ಲಿ ಬನಿ ಇಸ್ರಾಯೀಲ್ ಅಂತ ಬರುವ ಜನ ಇವರೇ, ಇವರನ್ನು ಕೊಲ್ಲಬೇಡ ಅಂತ ಆ ತಾಯಿ ಮಗನಿಗೆ ಬುದ್ಧಿ ಹೇಳಿದಳು. ಪ್ರಾಣ ಉಳಿಯಿತು. ಯುದ್ಧದ ಕಥೆ ಹೇಳುವವರು ಕತ್ತಿಯನ್ನೇ ನೆನೆಸುತ್ತಾರೆ. ಈ ಯೆಹೂದ್ಯರು ಮಾತ್ರ ತಮ್ಮನ್ನು ಉಳಿಸಿದ ಒಬ್ಬ ಮುಸ್ಲಿಂ ತಾಯಿಯನ್ನು ನೆನೆಸುತ್ತಾರೆ. ದೇವರ ಕರುಣೆ ಯಾರ ಬಾಯಿಂದ ಬರುತ್ತದೆ ಎಂದು ಮೊದಲೇ ಹೇಳಲಾಗದು, ಪ್ರಿಯರೇ.

ಆ ಸೆರೆಯಲ್ಲಿಯೇ ಸಮುವೇಲ್ ಒಂದು ಹರಕೆ ಹೊತ್ತರು. ಜೀವಂತವಾಗಿ ಮುಂಬೈ ಮುಟ್ಟಿದರೆ ತನ್ನ ಜನ ಕೂಡಿ ಆರಾಧಿಸಲು ಒಂದು ಸಭಾಮಂದಿರ ಕಟ್ಟುತ್ತೇನೆ ಅಂತ. ಇಲ್ಲಿ ಗಮನಿಸಿರಿ. ಸೆರೆಯಲ್ಲಿ ಇರುವವನಿಗೆ ಮೊದಲು ನೆನಪಾಗುವುದು ಮನೆ, ಹೆಂಡತಿ, ಮಕ್ಕಳು. ಇವರಿಗೆ ನೆನಪಾದದ್ದು ತನ್ನ ಜನಕ್ಕೆ ಕೂಡಿ ಕೂಡಲು ಒಂದು ಜಾಗ ಇಲ್ಲ ಎಂಬುದು. ಒಬ್ಬನೇ ಪ್ರಾರ್ಥಿಸುವುದು ಹೇಗಿರುತ್ತದೆ ಅಂತ ಆ ಕತ್ತಲೆ ಕೋಣೆ ಅವರಿಗೆ ಕಲಿಸಿರಬೇಕು.

1784ರ ಮಾರ್ಚಿಯಲ್ಲಿ ಮಂಗಳೂರು ಒಪ್ಪಂದ ಆಗಿ ಯುದ್ಧ ಮುಗಿಯಿತು. ಸಭಾಮಂದಿರ ಎದ್ದದ್ದು 1796ರಲ್ಲಿ. ನಡುವೆ 12 ವರ್ಷ. ಸೆರೆಯಲ್ಲಿ ಹೊತ್ತ ಹರಕೆ ಹೊರಗೆ ಬಂದ ಮೇಲೆ 12 ವರ್ಷ ಆರಿಹೋಗದೆ ಉಳಿಯಿತು ಅಂದರೆ ಅದು ಸಣ್ಣ ಮಾತಲ್ಲ. ಪ್ರಸಂಗಿಯ ಪುಸ್ತಕ ನಮ್ಮನ್ನು ಎಚ್ಚರಿಸುವುದು ಇದನ್ನೇ: ಹೊತ್ತ ಮೇಲೆ ತೀರಿಸು, ಇಲ್ಲವಾದರೆ ಹೊರಬೇಡ. ಐಸಿಯು ಬಾಗಿಲ ಹೊರಗೆ ನಿಂತಾಗ ನಾವು ಎಷ್ಟು ಮಾತು ಕೊಟ್ಟೀವಿ ದೇವರಿಗೆ? ಡಿಸ್ಚಾರ್ಜ್ ಆದ ಮೇಲೆ ಔಷಧಿ ಚೀಟಿ ಜೋಪಾನವಾಗಿ ಇಟ್ಕೊಂಡೀವಿ, ಕೊಟ್ಟ ಮಾತು ಎಲ್ಲೈತಿ?

ಮುಂಬೈಯ ಮಾಂಡವಿಯಲ್ಲಿ ಎದ್ದ ಆ ಮಂದಿರ ಬೆನೆ ಇಸ್ರಾಯೇಲರ ಮೊಟ್ಟಮೊದಲ ಸಭಾಮಂದಿರ. ಅದಕ್ಕೆ ಶಾರ್ ಹರಹಮೀಮ್ ಎಂದು ಹೆಸರು. ಅಂದರೆ ಕರುಣೆಯ ಬಾಗಿಲು. ಸೆರೆಮನೆಯ ಬಾಗಿಲು ತೆರೆದ ದೇವರಿಗೆ ಅವರು ಕಟ್ಟಿಕೊಟ್ಟ ಬಾಗಿಲು ಅದು. ಅವರ ಹೆಸರಿನ ಸಮುವೇಲ್ ಸ್ಟ್ರೀಟ್ ಇವತ್ತೂ ಇದೆ. ಅಲ್ಲಿನ ಜನ ಆ ಮಂದಿರವನ್ನು ಹಳೇ ಮಸೀದಿ ಅಂತ ಮರಾಠಿಯಲ್ಲಿ ಕರೆದರು. ಯಾದಗಿರಿಯಲ್ಲಿ ರೈಲು ಹತ್ತಿ ಮುಂಬೈಗೆ ದುಡಿಯಲು ಹೋಗುವ ನಮ್ಮವರಿಗೆ ಸಿಎಸ್‌ಎಂಟಿ ಪಕ್ಕದ ಮಸ್ಜಿದ್ ಸ್ಟೇಷನ್ ಗೊತ್ತೇ ಇದೆ. ಆ ಸ್ಟೇಷನ್ನಿಗೆ ಆ ಹೆಸರು ಬಂದದ್ದು ಈ ಸಭಾಮಂದಿರದಿಂದಲೇ ಅಂತ ಹೇಳುತ್ತಾರೆ.

ಗೋಡೆ ಎದ್ದಿತು, ಚಾವಣಿ ಆಯಿತು, ಹರಕೆ ತೀರಿತು. ಬೇರೆಯವರಾಗಿದ್ದರೆ ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಹಾರ ಹಾಕಿಸಿಕೊಂಡು ಮನೆಯಲ್ಲಿ ಕೂಡುತ್ತಿದ್ದರು. ಸಮುವೇಲ್ ಕೂಡಲಿಲ್ಲ. ಯಾಕಂದ್ರೆ ಸಭಾಮಂದಿರದ ಜೀವ ಗೋಡೆಯಲ್ಲಿಲ್ಲ, ಒಳಗಿನ ಪವಿತ್ರ ಪೆಟ್ಟಿಗೆಯಲ್ಲಿ ಇಡುವ ಸುರುಳಿಯಲ್ಲಿದೆ. ಮೋಶೆಯ ಐದು ಪುಸ್ತಕಗಳನ್ನು ಚರ್ಮದ ಹಾಳೆಯ ಮೇಲೆ ಕೈಯಿಂದಲೇ ಬರೆಯಬೇಕು. ಅದರಲ್ಲಿ 3,04,805 ಅಕ್ಷರಗಳಿವೆ. ಒಂದು ಅಕ್ಷರ ಕೆಟ್ಟರೂ ಅದನ್ನು ತಿದ್ದುವವರೆಗೆ ಸಭೆಯಲ್ಲಿ ಓದುವಂತಿಲ್ಲ. ಅದನ್ನು 54 ಭಾಗ ಮಾಡಿ ಸಬ್ಬತ್ತಿನಿಂದ ಸಬ್ಬತ್ತಿಗೆ ಓದುತ್ತಾ ವರ್ಷಕ್ಕೆ ಒಮ್ಮೆ ಮುಗಿಸುತ್ತಾರೆ. ಮುಗಿದ ದಿನವೇ ಕುಣಿದು ಹಾಡಿ ಆದಿಕಾಂಡದಿಂದ ಮತ್ತೆ ಶುರು ಮಾಡುತ್ತಾರೆ. ಸಬ್ಬತ್ತಿಗೆ ಮಾತ್ರ ಅಲ್ಲ, ಸೋಮವಾರ ಗುರುವಾರ ಬೆಳಿಗ್ಗೆಯೂ ಸ್ವಲ್ಪ ಓದುತ್ತಾರೆ. ಓದುವಾಗ ಸಭೆಯಲ್ಲಿ ಕೂತವರನ್ನೇ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಸುರುಳಿಯ ಹತ್ತಿರ ಕರೆಯುತ್ತಾರೆ. ವ್ಯಾಪಾರಿಯೂ ಬರುತ್ತಾನೆ, ಬಡಗಿಯೂ ಬರುತ್ತಾನೆ. ನಜರೇತಿನಲ್ಲಿ ಒಬ್ಬ ಬಡಗಿ ಹಾಗೇ ಎದ್ದು ನಿಂತನು. ಹಲ್ಲೆಲೂಯ.

ಅಂಥ ಸುರುಳಿ ತರಲು ಸಮುವೇಲ್ ದಿವೇಕರ್ ಕೊಚ್ಚಿಗೆ ಹೊರಟರು. ಕೊಚ್ಚಿಯಲ್ಲಿ ಹಳೆಯ ಯೆಹೂದ್ಯ ಸಭೆಗಳಿದ್ದವು. ಅಲ್ಲಿನ ಪರದೇಸಿ ಸಭಾಮಂದಿರ 1568ರದ್ದು. ಅಲ್ಲಿ ಸುರುಳಿ ಇತ್ತು, ಇಬ್ರಿಯ ಭಾಷೆ ಬಲ್ಲವರಿದ್ದರು. ಆದರೆ 1797ರಲ್ಲಿ, ಮಂದಿರ ಕಟ್ಟಿದ ಮರುವರ್ಷವೇ, ಅವರು ಕೊಚ್ಚಿಯಲ್ಲಿಯೇ ತೀರಿಕೊಂಡರು. ತಾನು ಕಟ್ಟಿದ ಕರುಣೆಯ ಬಾಗಿಲಿಗೆ ತಿರುಗಿ ಬರಲಿಲ್ಲ. ಯುದ್ಧಭೂಮಿಯಲ್ಲಿ ಸಾಯಲಿಲ್ಲ, ಸೆರೆಯಲ್ಲಿ ಸಾಯಲಿಲ್ಲ. ದೇವರ ವಾಕ್ಯವನ್ನು ತನ್ನ ಜನಕ್ಕೆ ತರಲು ಹೋದಲ್ಲಿ ಸತ್ತರು.

ಅವರು ಸತ್ತ ಮೇಲೂ ಸಭೆ ನಿಲ್ಲಲಿಲ್ಲ. ಮುಂದಿನ ಶತಮಾನದಲ್ಲಿ ಕೊಚ್ಚಿಯಿಂದ ಬೋಧಕರು ಬಂದು ಕಲಿಸಿದರು. ಹಳೇ ಒಡಂಬಡಿಕೆ ಮರಾಠಿಯಲ್ಲಿ ಓದಲು ಸಿಕ್ಕಿತು. ಆ ಕೆಲಸ ಮಾಡಿದವರು ಕ್ರೈಸ್ತ ಮಿಷನರಿಗಳು. ಓದಿದ ಬೆನೆ ಇಸ್ರಾಯೇಲರು ಹೆಚ್ಚಿನವರು ಯೆಹೂದ್ಯರಾಗಿಯೇ ಉಳಿದರು, ಇನ್ನೂ ಗಟ್ಟಿಯಾದರು. 1860ರಲ್ಲಿ ಮಂದಿರ ಈಗಿರುವ ಜಾಗಕ್ಕೆ ಬಂತು. 1948ರಲ್ಲಿ ಇಸ್ರಾಯೇಲ್ ದೇಶ ಹುಟ್ಟಿದ ಮೇಲೆ ಬಹಳಷ್ಟು ಜನ ಅಲ್ಲಿಗೆ ಹೋದರು. ಸಾವಿರಾರು ಜನ ಇದ್ದ ಕಡೆ ಈಗ ಕೆಲವೇ ಮನೆಗಳು. ಅಂಥ ಕಡೆ ಹತ್ತನೆಯವನ ಬೆಲೆ ಗೊತ್ತಾಗುತ್ತದೆ.

ಈಗ ನಮ್ಮ ಕಡೆ ನೋಡೋಣ. ಅವರಿಗೆ ಜನ ಇತ್ತು, ಮಂದಿರ ಇರಲಿಲ್ಲ, ಗ್ರಂಥ ಇರಲಿಲ್ಲ. ನಮಗೆ ತಗಡಿನದೋ ಕಾಂಕ್ರೀಟಿನದೋ ಮಂದಿರ ಐತಿ. ಕನ್ನಡ ಬೈಬಲ್ ಮನೆಗೆ ಎರಡು ಮೂರು ಐತಿ, ಮೊಬೈಲಿನಲ್ಲಿ ಇನ್ನೊಂದು ಐತಿ. ಇಲ್ಲದ್ದು ಯಾವುದು? ಜನ. ಕಾಲುವೆ ಕೆಲಸ ನಡೆದಾಗ ಈ ಕ್ಯಾಂಪ್ ತುಂಬಿತ್ತು. ಈಗ ಅರ್ಧ ಜನ ಬೆಂಗಳೂರು, ಪುಣೆ, ಮುಂಬೈ ಸೇರ್ಯಾರ. ಅವರನ್ನು ನಾನು ದೂರುವುದಿಲ್ಲ, ಹೊಟ್ಟೆಪಾಡು. ಆದರೆ ಇಲ್ಲೇ ಎರಡು ಫರ್ಲಾಂಗಿನಲ್ಲಿ ಇದ್ದು, ಪಾಸ್ಟರ್, ನಾವು ಲೈವ್ ನೋಡ್ತೀವಿ ಬಿಡ್ರಿ ಅನ್ನುವವರಿಗೆ ಒಂದು ಮಾತು. ಹಾಸಿಗೆ ಹಿಡಿದವರಿಗೆ, ರಾತ್ರಿ ಪಾಳಿ ಮಾಡಿದವರಿಗೆ ಲೈವ್ ಒಂದು ಆಶೀರ್ವಾದ. ಕಾಲು ಗಟ್ಟಿ ಇದ್ದವರಿಗೆ ಅದು ನೆಪ. ಲೈವ್‌ನಲ್ಲಿ ನೀವು ಸಭೆಯನ್ನು ನೋಡ್ತೀರಿ, ಸಭೆ ನಿಮ್ಮನ್ನು ನೋಡಂಗಿಲ್ಲ. ಪಕ್ಕದಲ್ಲಿ ಅಳುವ ತಾಯಿಯ ಹೆಗಲಿಗೆ ಮೊಬೈಲ್ ಕೈ ಇಡಂಗಿಲ್ಲ.

ಇಬ್ಬರು ಮೂವರು ಕೂಡಿದರೂ ತಾನು ಅಲ್ಲಿರುತ್ತೇನೆ ಅಂತ ನಮ್ಮ ಕರ್ತನು ವಾಗ್ದಾನ ಕೊಟ್ಟಿದ್ದಾನೆ. ಲೆಕ್ಕವನ್ನು ಹತ್ತರಿಂದ ಎರಡಕ್ಕೆ ಇಳಿಸಿದನು, ಆದರೆ ಒಂದಕ್ಕೆ ಇಳಿಸಲಿಲ್ಲ. ಕೂಡಬೇಕು.

ಗುಳೆ ಹೋಗುವವರಿಗೂ ಒಂದು ಮಾತು. ಗಾಣದ ಮುಂದೆ ಕೂತ ಆ ಜನ ಗುಡಿ ಇಲ್ಲದ ಊರಿನಲ್ಲಿ ಒಂದು ದಿನವನ್ನು, ಒಂದು ಪ್ರಾರ್ಥನೆಯನ್ನು ಬಿಡದೆ ಹಿಡಿದರು. ನೀವು ಶೆಡ್ಡಿನಲ್ಲಿ ಇದ್ದರೂ ಆದೀತು, ನಾಲ್ಕು ಜನ ಸೇರಿ ಒಂದು ಅಧ್ಯಾಯ ಜೋರಾಗಿ ಓದ್ರಿ. ಅದೇ ಸಭೆ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಸೆರೆಯಲ್ಲಿ ಕೂಗಿದವರ ಮೊರೆ ಕೇಳುವ ದೇವರು ನೀನು. ಕಷ್ಟದಲ್ಲಿ ನಿನಗೆ ಕೊಟ್ಟ ಮಾತನ್ನು ನಮಗೆ ನೆನಪು ಮಾಡು, ತೀರಿಸುವ ಬಲ ಕೊಡು. ಕರ್ತನೇ, ದೂರದ ಊರಲ್ಲಿ ದುಡಿಯುವ ನಮ್ಮ ಮಕ್ಕಳನ್ನು ಕಾಪಾಡು. ನಿನ್ನ ವಾಕ್ಯ ನಮ್ಮ ಮನೆಯ ಕಪಾಟಿನಲ್ಲಿ ಅಲ್ಲ, ನಮ್ಮ ಬಾಯಲ್ಲಿ ಇರಲಿ. ಮುಂದಿನ ವಾರ ಈ ಖಾಲಿ ಜಾಗದಲ್ಲಿ ಕೂಡಬೇಕಾದವರನ್ನು ನೀನೇ ಕರೆದುಕೊಂಡು ಬಾ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.