ಹೃದಯದಿಂದ ದಿನಚರಿ ಬರೆಸಿದ ನಾರ್ಮನ್ ಹೋಲ್ಟರ್

ರಾಯದುರ್ಗದಲ್ಲಿ ಹಗಲೆಲ್ಲ ಜೀನ್ಸ್ ಹೊಲಿಯುವವನಿಗೂ, ಮಡಕಶಿರಾ ಕಡೆಯ ಹೊಲದಲ್ಲಿ ಕಡಲೆಕಾಯಿ ಕೀಳುವವಳಿಗೂ ಒಮ್ಮೊಮ್ಮೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕಣ್ಣಿಗೆ ಕತ್ತಲೆ ಕವಿಯುತ್ತದೆ. ಬಳ್ಳಾರಿಗೋ ಬೆಂಗಳೂರಿಗೋ ಬಸ್ಸು ಹಿಡಿದು ಹೋಗಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದರೆ ಇ.ಸಿ.ಜಿ. ಸರಿಯಾಗಿಯೇ ಬರುತ್ತದೆ. ಏನೂ ಇಲ್ಲವೆಂದು ಊರಿಗೆ ಮರಳಿದ ಮೇಲೆ ಮತ್ತೆ ಅದೇ ಪಾಡು. ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಬರುವ ಓದುಗರಿಗೂ ಇದು ಹೊಸ ಸಂಗತಿಯಲ್ಲ. ರೋಗಿ ಸುಳ್ಳು ಹೇಳಿದನೇ? ಯಂತ್ರ ತಪ್ಪಿತೇ? ಎರಡೂ ಅಲ್ಲ. ಕೆಲವೇ ಕ್ಷಣ ಇಣುಕಿ ನೋಡಿದವರಿಗೆ ಹೃದಯ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ, ಅಷ್ಟೆ. ಇದನ್ನು ಮನಗಂಡು ಪರಿಹಾರ ಹುಡುಕಿದ ಮಹನೀಯರು ಅಮೆರಿಕದ ನಾರ್ಮನ್ ಜೆಫರಿಸ್ ಹೋಲ್ಟರ್.

ಹೋಲ್ಟರ್ ಜನಿಸಿದ್ದು 1914ರ ಫೆಬ್ರವರಿ 1ರಂದು, ಮೊಂಟಾನಾ ರಾಜ್ಯದ ಹೆಲೆನಾ ಎಂಬ ಸಣ್ಣ ಪಟ್ಟಣದಲ್ಲಿ. ನಾರ್ವೆ ದೇಶದಿಂದ ವಲಸೆ ಬಂದ ಅವರ ಅಜ್ಜ ಮರ ಕೊಯ್ಯುವ ಗಿರಣಿ, ಕಬ್ಬಿಣದ ಸಾಮಾನಿನ ವ್ಯಾಪಾರ ನಡೆಸಿ ಅನುಕೂಲವಂತರಾಗಿದ್ದರು. ಮೊಮ್ಮಗನ ಮನಸ್ಸು ಒಲಿದದ್ದು ವಿಜ್ಞಾನದ ಕಡೆಗೆ. ಕ್ಯಾಲಿಫೋರ್ನಿಯಕ್ಕೆ ಹೋಗಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಅಭ್ಯಾಸ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾದಳಕ್ಕಾಗಿ ಸಮುದ್ರದ ಅಲೆಗಳನ್ನು ಕುರಿತು ಸಂಶೋಧನೆ ನಡೆಸಿದರು. 1946ರಲ್ಲಿ ಬಿಕಿನಿ ದ್ವೀಪದ ಬಳಿ ಅಣುಬಾಂಬಿನ ಪರೀಕ್ಷೆಯಾದಾಗ ಎದ್ದ ಅಲೆಗಳನ್ನು ಅಳೆದವರಲ್ಲಿ ಅವರೂ ಒಬ್ಬರು. ಅವರು ವೈದ್ಯರಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಯುದ್ಧ ಮುಗಿದ ತರುವಾಯ ಹೋಲ್ಟರ್ ದೊಡ್ಡ ನಗರವನ್ನು ಆರಿಸಿಕೊಳ್ಳಲಿಲ್ಲ. ತಮ್ಮ ಹುಟ್ಟೂರಿಗೆ ಮರಳಿ 1947ರಲ್ಲಿ ಸಂಶೋಧನಾ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಈ ಮೊದಲೇ ಅವರು ಮನಶ್ಶಾಸ್ತ್ರಜ್ಞ ಜೋಸೆಫ್ ಗೆಂಗೆರೆಲ್ಲಿಯವರೊಡನೆ ದೂರದಿಂದಲೇ ನರಗಳನ್ನು ಪ್ರಚೋದಿಸುವ ಪ್ರಯೋಗಗಳನ್ನು ಮಾಡಿದ್ದರು. ಹಾಗಾದರೆ ಓಡಾಡುತ್ತಿರುವ ಮನುಷ್ಯನ ದೇಹದೊಳಗಿನ ವಿದ್ಯುತ್ ಸಂಕೇತಗಳನ್ನು ರೇಡಿಯೋ ಮೂಲಕ ಹಿಡಿಯಬಾರದೇಕೆ ಎಂಬ ಪ್ರಶ್ನೆ ಎದ್ದಿತು. ಮಿದುಳಿನ ಸಂಕೇತಕ್ಕಿಂತ ಹೃದಯದ ಸಂಕೇತ ಪ್ರಬಲವಾದುದರಿಂದ ಹೃದಯವನ್ನೇ ಆರಿಸಿಕೊಂಡರು.

ಹೃದಯದ ವಿದ್ಯುತ್ತನ್ನು ಕರಾರುವಾಕ್ಕಾಗಿ ದಾಖಲಿಸುವ ಯಂತ್ರವನ್ನು ಹಾಲೆಂಡಿನ ಐಂತೋವೆನ್ 20ನೆಯ ಶತಮಾನದ ಆರಂಭದಲ್ಲೇ ರೂಪಿಸಿ 1924ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದರು. ಆದರೆ ಆ ಭಾರೀ ಯಂತ್ರದ ಬಳಿಗೆ ರೋಗಿಯೇ ಹೋಗಿ, ಕೈಕಾಲುಗಳನ್ನು ಉಪ್ಪುನೀರಿನಲ್ಲಿ ಅದ್ದಿ, ಅಲುಗಾಡದೆ ಕೂರಬೇಕಿತ್ತು. ಹೋಲ್ಟರ್ ಯೋಚಿಸಿದ್ದು ಇದಕ್ಕೆ ವಿರುದ್ಧವಾಗಿ: ಯಂತ್ರವೇ ಮನುಷ್ಯನ ಹಿಂದೆ ಹೋಗಬೇಕು.

ಮೊದಲ ಯಂತ್ರದ ಭಾರ ಸುಮಾರು 38 ಕಿಲೋಗ್ರಾಂ! ನಮ್ಮ ಕಡೆಯ ಅರ್ಧ ಮೂಟೆ ಅಕ್ಕಿಗೂ ಮಿಗಿಲಾದ ಆ ಹೊರೆಯನ್ನು ಹೋಲ್ಟರ್ ತಾವೇ ಬೆನ್ನಿಗೆ ಕಟ್ಟಿಕೊಂಡರು. ಆಮೇಲೆ ಟ್ರಾನ್ಸಿಸ್ಟರ್ ಬಂದಿತು, ಸಹೋದ್ಯೋಗಿ ಗ್ಲಾಸ್ಕಾಕ್ ಅವರ ಕೈಚಳಕ ಜೊತೆಗೂಡಿತು. ಯಂತ್ರ ವರ್ಷದಿಂದ ವರ್ಷಕ್ಕೆ ಕುಗ್ಗಿತು. ರೇಡಿಯೋ ಬದಲಿಗೆ ಟೇಪಿನ ಮೇಲೆ ಗಂಟೆಗಟ್ಟಲೆ ದಾಖಲಿಸುವ ಪೆಟ್ಟಿಗೆ ಸಿದ್ಧವಾಯಿತು. ಮನುಷ್ಯನ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅಷ್ಟನ್ನೂ ಯಾವ ವೈದ್ಯರು ಕುಳಿತು ನೋಡಿಯಾರು? ಟೇಪನ್ನು 60 ಪಟ್ಟು ವೇಗದಲ್ಲಿ ಓಡಿಸಿ, ತಾಳ ತಪ್ಪಿದ ಬಡಿತ ತಟ್ಟನೆ ಕಣ್ಣಿಗೂ ಕಿವಿಗೂ ಬೀಳುವಂತೆ ಮಾಡುವ ಉಪಾಯವನ್ನೂ ಅವರು ಕಂಡುಹಿಡಿದರು. 1961ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು; ಮರುವರ್ಷ ತಯಾರಿಕೆಯ ಹಕ್ಕು ಕಂಪೆನಿಯೊಂದಕ್ಕೆ ಹೋಯಿತು. 1983ರ ಜುಲೈ 21ರಂದು ಹೋಲ್ಟರ್ ಕಾಲವಾದರು. ಅವರ ಹೆಸರು ಪೆಟ್ಟಿಗೆಯ ಹೆಸರಾಗಿ ಉಳಿಯಿತು.

ಎರಡು ವರ್ಷಗಳ ಹಿಂದೆ ತರಗತಿಯಲ್ಲಿ ಕಪ್ಪುಹಲಗೆಯ ಮುಂದೆಯೇ ತಲೆಸುತ್ತಿ ಕುಸಿದ ನನ್ನ ಎದೆಗೂ ಆ ಪೆಟ್ಟಿಗೆ ಬಂದಿತು. ಬೇಸಿಗೆಯ ಸೆಕೆ, ಬೆವರಿಗೆ ಅಂಟು ಬಿಟ್ಟಿತು. ಒತ್ತಿ ಅಂಟಿಸದೆ, ಆಸ್ಪತ್ರೆಗೂ ತಿಳಿಸದೆ ಹಾಗೆಯೇ ಮಲಗಿದೆ. ಕೊಟ್ಟ ಹಾಳೆಯಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಅರ್ಧ ದಿನದ ದಾಖಲೆ ಹಾಳಾಗಿ ಮತ್ತೊಮ್ಮೆ ಹಣ ತೆರಬೇಕಾಯಿತು. ಎರಡನೆಯ ಸಲ ಬರೆದಿಟ್ಟ ಒಂದೇ ಸಾಲಿನಿಂದ, ಮಧ್ಯಾಹ್ನದ ಪಾಠದ ನಡುವೆ ನನ್ನ ಹೃದಯ ಕೆಲವು ಕ್ಷಣ ತಡೆಯುತ್ತಿತ್ತೆಂಬುದು ಗೊತ್ತಾಯಿತು.

ಆದುದರಿಂದ ಓದುಗರಲ್ಲಿ ಅರಿಕೆ. ಪೆಟ್ಟಿಗೆ ಕಟ್ಟಿಸಿಕೊಳ್ಳುವ ಮುನ್ನ ಸ್ನಾನ ಮಾಡಿ. ಎದೆಗೆ ಎಣ್ಣೆ, ಪೌಡರು ಬೇಡ. ವೈದ್ಯರು ಹೇಳುವತನಕ ಮತ್ತೆ ಸ್ನಾನವಿಲ್ಲ, ಪೆಟ್ಟಿಗೆಗೆ ನೀರು ತಾಗಕೂಡದು. ತಂತಿಯನ್ನು ಎಳೆಯಬೇಡಿ, ಮೊಬೈಲನ್ನು ಅಂಗಿಯ ಜೇಬಿನಲ್ಲಿಡಬೇಡಿ. ವೈದ್ಯರು ಬೇಡವೆನ್ನದ ಹೊರತು ನಿತ್ಯದ ಕೆಲಸ ಬಿಡಬೇಡಿ. ಮಲಗಿಯೇ ಇದ್ದರೆ ಹೋಲ್ಟರ್ ಪಟ್ಟ ಶ್ರಮವೇ ವ್ಯರ್ಥ. ಎದೆ ಹಾರಿದರೆ, ತಲೆ ಸುತ್ತಿದರೆ, ಗಂಟೆ ಎಷ್ಟು, ಆಗ ಏನು ಮಾಡುತ್ತಿದ್ದಿರಿ ಎಂದು ಬರೆದಿಡಿ. ಹಾಳೆ ನಮ್ಮಲ್ಲಿ ತೆಲುಗಿನಲ್ಲೋ, ನಿಮ್ಮಲ್ಲಿ ಮಲಯಾಳದಲ್ಲೋ ಇದ್ದೀತು. ಸಂಕೋಚ ಬೇಡ, ಕನ್ನಡದಲ್ಲೇ ಬರೆದು ವೈದ್ಯರಿಗೆ ಓದಿ ಹೇಳಿ. ಈಗ ಮಣಿಕಟ್ಟಿನ ಗಡಿಯಾರವೂ ಬಡಿತ ಎಣಿಸುತ್ತದೆ. ಆದರೆ ಅದನ್ನು ನಂಬಿ ವೈದ್ಯರ ಪರೀಕ್ಷೆಯನ್ನು ಬಿಡುವುದು ತರವಲ್ಲ.

ಹೃದಯ ತನ್ನ ಪಾಲಿನ ದಿನಚರಿಯನ್ನು ಪೆಟ್ಟಿಗೆಯಲ್ಲಿ ಬರೆಯುತ್ತದೆ. ಉಳಿದರ್ಧವನ್ನು ಬರೆಯಬೇಕಾದವರು ನಾವು.