ಬಣ್ಣದ ಪುಡಿಯ ಮೂಲಪುರುಷ ವಿಲಿಯಂ ಪರ್ಕಿನ್

ಇಳಕಲ್ ಸೀರೆಯ ಕೆಂಪು ಸೆರಗನ್ನು ಕಾಣದ ಮನೆ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ದೊರೆಯುವುದು ಕಷ್ಟ. ಇಳಕಲ್ಲು ಕುಷ್ಟಗಿಗೆ ನೆರೆಯೂರು. ಆ ಸೀರೆಯನ್ನು ಕುಷ್ಟಗಿ ತಾಲ್ಲೂಕಿನ ಹಳ್ಳಿಗಳ ಮಗ್ಗಗಳೂ ನೇಯುತ್ತ ಬಂದಿವೆ. ಕೊಪ್ಪಳದ ಮಗ್ಗುಲಲ್ಲಿರುವ ಭಾಗ್ಯನಗರವೂ ನೇಕಾರರ ಊರೇ. ಸೆರಗಿನ ಆ ಕೆಂಪು, ಒಡಲಿನ ಆ ನವಿಲುಬಣ್ಣ ಎಲ್ಲಿಂದ ಬಂದವೆಂದು ಕೇಳಿದರೆ, ಪೇಟೆಯಿಂದ ತಂದ ಪುಡಿಯಿಂದ ಎಂದು ಯಾವ ನೇಕಾರನಾದರೂ ಹೇಳಿಯಾನು. ಆ ಪುಡಿಯ ವಂಶವನ್ನು ಹಿಂದೆ ಹಿಂದೆ ಹುಡುಕುತ್ತ ಹೋದರೆ ನಾವು ಮುಟ್ಟುವುದು ಲಂಡನ್ನಿನ ಒಂದು ಮನೆಯ ಮೇಲಟ್ಟವನ್ನು, ಅಲ್ಲಿ ಸೀಸೆ ತೊಳೆಯುತ್ತ ನಿಂತಿದ್ದ ಹದಿನೆಂಟು ವರುಷದ ಒಬ್ಬ ಹುಡುಗನನ್ನು. ನಾನು ಕಲಾ ವಿಭಾಗದ ವಿದ್ಯಾರ್ಥಿ. ರಸಾಯನಶಾಸ್ತ್ರ ನನ್ನ ಪಾಠವಲ್ಲ. ಆದರೂ ಮಗ್ಗದ ಮನೆಯಲ್ಲಿ ಹುಟ್ಟಿದವನಾದ್ದರಿಂದ ಈತನ ಚರಿತ್ರೆಯನ್ನು ವಾಚಕರ ಮುಂದಿಡುವ ಆಸೆಯಾಯಿತು.

ವಿಲಿಯಂ ಹೆನ್ರಿ ಪರ್ಕಿನ್ ಹುಟ್ಟಿದ್ದು ೧೮೩೮ನೆಯ ಮಾರ್ಚ್ ೧೨ರಂದು, ಪೂರ್ವ ಲಂಡನ್ನಿನ ಶಾಡ್‌ವೆಲ್ ಎಂಬ ಕೇರಿಯಲ್ಲಿ. ತಂದೆ ಜಾರ್ಜ್ ಪರ್ಕಿನ್ ಬಡಗಿ; ಮನೆ ಕಟ್ಟಿಸುವ ಕೆಲಸವನ್ನು ಹಿಡಿದು ನಾಲ್ಕು ಕಾಸು ಕೂಡಿಸಿದವನು. ಕಿರಿಯ ಮಗ ಕಟ್ಟಡದ ನಕ್ಷೆ ಬರೆಯುವ ವಾಸ್ತುಶಿಲ್ಪಿಯಾಗಲಿ ಎಂದು ಅವನ ಬಯಕೆ. ಬಡಗಿಯ ಮಗ ನಕ್ಷೆಕಾರನಾದರೆ ಒಂದು ಮೆಟ್ಟಲು ಮೇಲೇರಿದಂತೆಯೇ ಸರಿ. ಆದರೆ ಸ್ನೇಹಿತನೊಬ್ಬನು ತೋರಿಸಿದ ಹರಳುಗಳ ಆಟ ಹುಡುಗನ ಮನಸ್ಸನ್ನು ಹಿಡಿದುಬಿಟ್ಟಿತು. ಸಿಟಿ ಆಫ್ ಲಂಡನ್ ಶಾಲೆಯಲ್ಲಿ ಥಾಮಸ್ ಹಾಲ್ ಎಂಬ ಉಪಾಧ್ಯಾಯನು ಮಧ್ಯಾಹ್ನದ ಊಟದ ಬಿಡುವಿನಲ್ಲಿ ವಾರಕ್ಕೆರಡು ಬಾರಿ ರಸಾಯನದ ಪಾಠ ಹೇಳುತ್ತಿದ್ದನು. ಪರ್ಕಿನ್ನನು ಊಟ ಬಿಟ್ಟು ಅಲ್ಲಿಗೆ ಓಡುತ್ತಿದ್ದನು. ಹುಡುಗನ ಒಲವನ್ನು ಬಲ್ಲ ಹಾಲ್ ತಂದೆಯ ಮನವೊಲಿಸಿದನು. ೧೮೫೩ರಲ್ಲಿ, ಹದಿನೈದರ ವಯಸ್ಸಿಗೆ, ಪರ್ಕಿನ್ ರಾಯಲ್ ಕೆಮಿಸ್ಟ್ರಿ ಕಾಲೇಜನ್ನು ಸೇರಿದನು.

ಅಲ್ಲಿನ ಗುರು ಜರ್ಮನಿಯಿಂದ ಬಂದ ಆಗಸ್ಟ್ ಹಾಫ್‌ಮನ್. ದೀಪದ ಅನಿಲಕ್ಕಾಗಿ ಕಲ್ಲಿದ್ದಲನ್ನು ಕಾಯಿಸಿದಾಗ ಉಳಿಯುವ ಡಾಂಬರು ಆ ಕಾಲಕ್ಕೆ ಕಸಕ್ಕೆ ಸಮಾನ. ಹಾಫ್‌ಮನ್ನನಿಗೆ ಮಾತ್ರ ಅದೊಂದು ಗಣಿ. ಬೆಂಜೀನ್, ಅನಿಲೀನ್, ಟಾಲುಯಿಡೀನ್ ಮೊದಲಾದ ಸಾವಯವ ವಸ್ತುಗಳನ್ನು ಅವನೂ ಅವನ ಶಿಷ್ಯರೂ ಬೇರ್ಪಡಿಸಿ ಪರೀಕ್ಷಿಸುತ್ತಿದ್ದರು. ಈ ಕರಿಯ ಅಂಟಿನಿಂದ ಕ್ವಿನೈನ್ ಮಾಡಲು ಬಂದೀತೇ ಎಂಬುದು ಅವನ ಒಂದು ಯೋಚನೆ. ಚಳಿಜ್ವರಕ್ಕೆ ಆಗ ಇದ್ದ ಮದ್ದು ದಕ್ಷಿಣ ಅಮೆರಿಕೆಯ ಸಿಂಕೋನ ಮರದ ತೊಗಟೆಯಿಂದ ಬರುವ ಕ್ವಿನೈನ್ ಒಂದೇ. ಹಿಂದೂಸ್ಥಾನವನ್ನು ಆಳುತ್ತಿದ್ದ ಇಂಗ್ಲಿಷರಿಗೆ ಅದು ಎಷ್ಟಿದ್ದರೂ ಸಾಲದು.

೧೮೫೬ರ ಈಸ್ಟರ್ ರಜೆಯಲ್ಲಿ ಹಾಫ್‌ಮನ್ ಊರಿಗೆ ಹೋಗಿದ್ದಾಗ ಪರ್ಕಿನ್ನನು ಮನೆಯ ಮೇಲಟ್ಟದಲ್ಲಿ ತಾನೇ ಹೂಡಿಕೊಂಡಿದ್ದ ಪುಟ್ಟ ಪ್ರಯೋಗಶಾಲೆಯಲ್ಲಿ ಆ ಯತ್ನಕ್ಕೆ ಕೈಹಾಕಿದನು. ಅವನ ಲೆಕ್ಕ ಹೀಗಿತ್ತು: ಕ್ವಿನೈನಿನಲ್ಲಿ ೨೦ ಇಂಗಾಲ, ೨೪ ಜಲಜನಕ, ೨ ಸಾರಜನಕ, ೨ ಆಮ್ಲಜನಕದ ಪರಮಾಣುಗಳಿವೆ. ಟಾಲುಯಿಡೀನಿನಿಂದ ಪಡೆದ ಒಂದು ವಸ್ತುವಿನ ಎರಡು ಅಣುಗಳನ್ನು ಕೂಡಿಸಿ, ಆಮ್ಲಜನಕ ಸೇರಿಸಿ, ನೀರನ್ನು ಕಳೆದರೆ ಅಷ್ಟೇ ಮೊತ್ತ ಬರುತ್ತದೆ. ಲೆಕ್ಕ ತಪ್ಪಿರಲಿಲ್ಲ. ಆದರೆ ಎರಡು ಸೀರೆಗಳ ಎಳೆಗಳನ್ನು ಎಣಿಸಿದಾಗ ಒಂದೇ ಸಂಖ್ಯೆ ಬಂತೆಂದು ನೇಯ್ಗೆಯೂ ಒಂದೇ ಆದೀತೇ? ಅಣುವಿನೊಳಗೆ ಪರಮಾಣುಗಳು ಹೇಗೆ ಹೆಣೆದುಕೊಂಡಿವೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಸಿಕ್ಕಿದ್ದು ಕೆಂಗಂದು ಕೆಸರು.

ಮತ್ತೊಬ್ಬನಾಗಿದ್ದರೆ ಅದನ್ನು ಚೆಲ್ಲಿ ಕೈತೊಳೆದುಕೊಳ್ಳುತ್ತಿದ್ದನು. ಪರ್ಕಿನ್ನನು ಇನ್ನೂ ಸರಳವಾದ ಅನಿಲೀನನ್ನು ತೆಗೆದುಕೊಂಡು ಪೊಟಾಸಿಯಂ ಡೈಕ್ರೋಮೇಟಿನೊಡನೆ ಅದೇ ಕ್ರಿಯೆಯನ್ನು ನಡೆಸಿ ನೋಡಿದನು. ಈ ಸಲ ಕಪ್ಪು ಗಸಿ. ಅದನ್ನು ಒಣಗಿಸಿ ಮದ್ಯಸಾರದಲ್ಲಿ ಕಲಸಿದಾಗ ಸೀಸೆಯ ತುಂಬ ನೇರಿಳೆ ಬಣ್ಣ! ಇಲ್ಲೊಂದು ಸ್ವಾರಸ್ಯವಿದೆ. ಅವನ ಅನಿಲೀನ್ ಶುದ್ಧವಾಗಿರಲಿಲ್ಲ, ಅದರಲ್ಲಿ ಟಾಲುಯಿಡೀನ್ ಬೆರೆತಿತ್ತು. ಶುದ್ಧವಾಗಿದ್ದಿದ್ದರೆ ಆ ಬಣ್ಣ ಹುಟ್ಟುತ್ತಲೇ ಇರಲಿಲ್ಲ. ಒಂದು ರೇಷ್ಮೆ ತುಂಡನ್ನು ಅದರಲ್ಲಿ ಅದ್ದಿದನು. ಬಣ್ಣ ಹಿಡಿಯಿತು, ತೊಳೆದರೂ ಬಿಡಲಿಲ್ಲ, ಬಿಸಿಲಿಗೂ ಮಾಸಲಿಲ್ಲ. ಮಾದರಿಯನ್ನು ಸ್ಕಾಟ್‌ಲೆಂಡಿನ ಪರ್ತ್ ಊರಿನ ಪುಲ್ಲರ್ ಎಂಬ ಬಣ್ಣಗಾರರಿಗೆ ಕಳುಹಿಸಿದನು. ಬೆಲೆ ಅತಿಯಾಗದಿದ್ದರೆ ಇದು ಬಹಳ ಬೆಲೆಬಾಳುವ ಶೋಧವೆಂದು ಅಲ್ಲಿಂದ ಉತ್ತರ ಬಂದಿತು. ಆಗಸ್ಟ್ ತಿಂಗಳಲ್ಲಿ ಪರ್ಕಿನ್ನನು ಪೇಟೆಂಟ್ ಪಡೆದನು.

ಮುಂದಿನ ಹೆಜ್ಜೆಯೇ ನನಗೆ ಈ ಚರಿತ್ರೆಯ ಮುಖ್ಯ ಘಟ್ಟವೆಂದು ತೋರುತ್ತದೆ. ಕಾಲೇಜು ಬಿಟ್ಟು ಕಾರ್ಖಾನೆ ಹೂಡುವೆನೆಂದು ಹೇಳಿದಾಗ ಹಾಫ್‌ಮನ್ನನಿಗೆ ಅದು ಸೇರಲಿಲ್ಲ. ವ್ಯಾಪಾರಕ್ಕಿಳಿದವನು ವಿದ್ಯೆಗೆ ಎರವಾಗುವನೆಂಬ ಭಯ ಪರ್ಕಿನ್ನನಿಗೂ ಇತ್ತು. ಮಗ ರಸಾಯನ ಓದುವುದನ್ನು ಒಪ್ಪದಿದ್ದ ಅದೇ ತಂದೆ ಜೀವಮಾನದ ಗಳಿಕೆಯ ಬಹುಭಾಗವನ್ನು ಆ ಕಾರ್ಖಾನೆಗೆ ಸುರಿದನು. ಅಣ್ಣ ಥಾಮಸ್ ಜೊತೆ ನಿಂತನು. ಓದಿದ ಮಗನನ್ನು ನಂಬಿ ಓದದ ಮನೆಯವರು ಇದ್ದದ್ದನ್ನೆಲ್ಲ ಪಣಕ್ಕಿಡುವುದು ಏನೆಂಬುದನ್ನು ನಮ್ಮ ಕಾಲೇಜಿನ ಅನೇಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ೧೮೫೭ರಲ್ಲಿ ಲಂಡನ್ನಿನ ವಾಯವ್ಯಕ್ಕೆ, ಗ್ರೀನ್‌ಫರ್ಡ್ ಗ್ರೀನ್ ಎಂಬಲ್ಲಿ, ಕಾಲುವೆಯ ದಂಡೆಯಲ್ಲಿ ಕಟ್ಟಡ ಎದ್ದಿತು.

ಕಷ್ಟಗಳಿಗೆ ಕೊನೆಯಿರಲಿಲ್ಲ. ಅನಿಲೀನ್ ಅಂಗಡಿಯಲ್ಲಿ ಸಿಕ್ಕುವ ವಸ್ತುವಾಗಿರಲಿಲ್ಲ. ಡಾಂಬರಿನಿಂದ ಬೆಂಜೀನ್, ಅದಕ್ಕೆ ನೈಟ್ರಿಕ್ ಆಮ್ಲ ಸೇರಿಸಿ ನೈಟ್ರೋಬೆಂಜೀನ್, ಅದನ್ನು ಕಬ್ಬಿಣದ ಚೂರು ಹಾಗೂ ಅಸೆಟಿಕ್ ಆಮ್ಲದೊಡನೆ ಕಾಯಿಸಿ ಅನಿಲೀನ್. ಪ್ರತಿಯೊಂದಕ್ಕೂ ಹೊಸ ಪಾತ್ರೆ, ಹೊಸ ರೀತಿ. ಸೀಸೆಯಲ್ಲಿ ಸುಳುವಾದ ಕ್ರಿಯೆ ಹಂಡೆಯಲ್ಲಿ ಸಿಡಿದೀತು. ಹತ್ತಿಗೆ ಈ ಬಣ್ಣ ತಾನಾಗಿ ಹತ್ತುವುದಿಲ್ಲವೆಂಬುದು ಇನ್ನೊಂದು ತೊಡಕು. ಟ್ಯಾನಿನ್ ಎಂಬ ಒಗರಿನಲ್ಲಿ ನೂಲನ್ನು ಮೊದಲು ನೆನೆಸಿದರೆ ಬಣ್ಣ ಕಚ್ಚುವುದೆಂದು ಪರ್ಕಿನ್ನನೂ ಪುಲ್ಲರನೂ ಕಂಡುಕೊಂಡರು. ನಮ್ಮ ಹಳೆಯ ಬಣ್ಣಗಾರರು ಅಳಲೆಕಾಯಿಯ ನೀರಿನಲ್ಲಿ ನೂಲು ಅದ್ದುತ್ತಿದ್ದುದೂ ಆ ಒಗರಿಗಾಗಿಯೇ. ವರ್ಷದ ಕೊನೆಯ ಹೊತ್ತಿಗೆ ಲಂಡನ್ನಿನ ರೇಷ್ಮೆ ಬಣ್ಣಗಾರರಿಗೆ ಮೊದಲ ಸರಕು ಹೋಯಿತು. ಫ್ರೆಂಚರು ಈ ಬಣ್ಣವನ್ನು ಮೋವ್ ಎಂದು ಕರೆದರು. ಒಂದೆರಡು ವರ್ಷಗಳಲ್ಲಿ ಪ್ಯಾರಿಸ್, ಲಂಡನ್ನುಗಳ ಸ್ತ್ರೀಯರಿಗೆ ಅದರ ಹುಚ್ಚು ಹಿಡಿಯಿತು.

ನೇರಿಳೆಗಿಂತಲೂ ದೊಡ್ಡ ಕೆಲಸ ಕೆಂಪಿನದು. ಮ್ಯಾಡರ್ ಎಂಬುದು ನಮ್ಮ ಮಂಜಿಷ್ಠದ ಬಳಗದ ಗಿಡ. ಅದರ ಬೇರಿನಲ್ಲಿರುವ ಕೆಂಪು ವಸ್ತು ಅಲಿಜರಿನ್. ೧೮೬೮ರಲ್ಲಿ ಗ್ರೇಬ, ಲೀಬರ್‌ಮನ್ ಎಂಬ ಜರ್ಮನರು ಅದನ್ನು ಡಾಂಬರಿನ ಆಂತ್ರಸೀನಿನಿಂದ ತಯಾರಿಸಿದರಾದರೂ ಖರ್ಚು ಹೆಚ್ಚಾಯಿತು. ಗಂಧಕಾಮ್ಲದಿಂದ ಅಗ್ಗದಲ್ಲಿ ಮಾಡುವ ದಾರಿಯನ್ನು ಪರ್ಕಿನ್ನನು ಕಂಡುಹಿಡಿದು ೧೮೬೯ರ ಜೂನ್ ೨೬ರಂದು ಪೇಟೆಂಟಿಗೆ ಅರ್ಜಿ ಕೊಟ್ಟನು. ಜರ್ಮನರು ಅದೇ ದಾರಿಗಾಗಿ ಅರ್ಜಿ ಕೊಟ್ಟದ್ದು ಹಿಂದಿನ ದಿನ! ಜಗಳವಾಡದೆ ಮಾರುಕಟ್ಟೆಯನ್ನು ಹಂಚಿಕೊಂಡರು. ೧೮೭೦ರಲ್ಲಿ ೪೦ ಟನ್ ಇದ್ದ ಪರ್ಕಿನ್ನನ ಉತ್ಪತ್ತಿ ೧೮೭೩ಕ್ಕೆ ೪೩೫ ಟನ್ ಮುಟ್ಟಿತು. ಫ್ರಾನ್ಸ್, ಹಾಲೆಂಡುಗಳ ಮ್ಯಾಡರ್ ಹೊಲಗಳು ಕೆಲವೇ ವರ್ಷಗಳಲ್ಲಿ ಪಾಳುಬಿದ್ದವು.

ಅದೇ ದಾರಿಯಲ್ಲಿ ನಡೆದ ಜರ್ಮನರು ೧೮೯೭ರಲ್ಲಿ ಕಾರ್ಖಾನೆಯ ನೀಲಿಯನ್ನು ಪೇಟೆಗೆ ತಂದಾಗ ಪೆಟ್ಟು ಬಿದ್ದದ್ದು ಹಿಂದೂಸ್ಥಾನಕ್ಕೆ. ಬಿಹಾರದ ನೀಲಿ ತೋಟಗಾರರು ತಮ್ಮ ನಷ್ಟವನ್ನು ಒಕ್ಕಲಿಗರ ಗೇಣಿಗೆ ಏರಿಸಿದರು. ೧೯೧೭ರಲ್ಲಿ ಗಾಂಧೀಜಿಯವರು ಚಂಪಾರಣಕ್ಕೆ ಹೋದದ್ದರ ಹಿನ್ನೆಲೆಯಲ್ಲಿ ಇದೂ ಒಂದು. ಪುಡಿಬಣ್ಣ ಬಂದುದರಿಂದ ಬಡವರ ಮನೆಯ ಹೆಣ್ಣುಮಗಳಿಗೂ ಬಣ್ಣದ ಸೀರೆ ಸಿಕ್ಕಿತೆಂಬುದು ನಿಜ. ಬೇರು ಅಗೆದು, ಎಲೆ ಕೊಳೆಸಿ ಬದುಕುತ್ತಿದ್ದವರ ಅನ್ನ ಹೋಯಿತೆಂಬುದೂ ಅಷ್ಟೇ ನಿಜ. ಬಣ್ಣದ ಕಾರ್ಖಾನೆಯ ಕೂಲಿಗಳಿಗೆ ಮೂತ್ರಕೋಶದ ಕ್ಯಾನ್ಸರ್ ಬರುವುದನ್ನು ೧೮೯೫ರಲ್ಲೇ ಜರ್ಮನಿಯ ವೈದ್ಯ ರೇನ್ ಗುರುತಿಸಿದ್ದನು. ಕುದಿಯುವ ಬಣ್ಣದ ಮುಂದೆ ಬರಿಗೈಯಲ್ಲಿ ಲಡಿ ತಿರುವುವವರನ್ನು ನೋಡುತ್ತ ಬೆಳೆದ ನನಗೆ ಈ ಸಂಗತಿಯನ್ನು ಬಿಟ್ಟು ಪರ್ಕಿನ್ನನನ್ನು ಹೊಗಳಲು ಮನಸ್ಸಾಗುವುದಿಲ್ಲ.

೧೮೭೪ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಪರ್ಕಿನ್ನನು ಕಾರ್ಖಾನೆಯನ್ನು ಮಾರಿದನು. ಬದುಕಲು ಸಾಕಾಗುವಷ್ಟು ಹಣವಾಗಿತ್ತು. ಹಳೆಯ ಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು ಮತ್ತೆ ವಿದ್ಯೆಗೆ ಮರಳಿದನು. ಕಾರ್ಖಾನೆಯ ದಿನಗಳಲ್ಲೂ ಅವನು ಸಂಶೋಧನೆಯನ್ನು ಬಿಟ್ಟಿರಲಿಲ್ಲ. ಹೊಸದಾಗಿ ಕೊಯ್ದ ಹುಲ್ಲಿನ ಪರಿಮಳವುಳ್ಳ ಕೂಮರಿನ್ ಎಂಬ ವಸ್ತುವನ್ನು ೧೮೬೮ರಲ್ಲೇ ಕೃತಕವಾಗಿ ಮಾಡಿದ್ದನು. ಅತ್ತರು, ಸಾಬೂನುಗಳ ಕೃತಕ ಸುಗಂಧಗಳು ಅಲ್ಲಿಂದ ಬೆಳೆದವು.

ಜ್ವರದ ಮದ್ದನ್ನು ಹುಡುಕಹೋಗಿ ಬಣ್ಣವನ್ನು ಕಂಡವನ ಕೆಲಸ ಕೊನೆಗೆ ಮದ್ದಿಗೇ ಹೋಗಿ ಮುಟ್ಟಿತು. ೧೮೯೧ರಲ್ಲಿ ಪಾಲ್ ಎರ್ಲಿಕ್ ಮೆಥಿಲೀನ್ ಬ್ಲೂ ಎಂಬ ಡಾಂಬರಿನ ಬಣ್ಣವನ್ನೇ ಮಲೇರಿಯಾ ರೋಗಿಗಳಿಗೆ ಕೊಟ್ಟು ಗುಣ ಕಂಡನು. ಸಲ್ಫಾ ಔಷಧಿಗಳಲ್ಲಿ ಮೊದಲನೆಯದಾದ ಪ್ರಾಂಟೊಸಿಲ್ ಕೂಡ ಒಂದು ಕೆಂಪು ಬಣ್ಣವೇ.

ಶೋಧದ ಐವತ್ತನೆಯ ವರ್ಷವಾದ ೧೯೦೬ರಲ್ಲಿ ಪರ್ಕಿನ್ನನಿಗೆ ಸರ್ ಪದವಿ ಬಂದಿತು. ಅಮೆರಿಕೆಯವರು ಅವನ ಹೆಸರಿನ ಪದಕವನ್ನು ಸ್ಥಾಪಿಸಿ ಮೊದಲನೆಯದನ್ನು ಅವನಿಗೇ ಕೊಟ್ಟರು. ಮರುವರ್ಷ ಜುಲೈ ೧೪ರಂದು ಅವನು ತೀರಿಕೊಂಡನು. ಮೂವರು ಗಂಡುಮಕ್ಕಳೂ ರಸಾಯನಜ್ಞರಾದರು. ಅವರಲ್ಲಿ ಆರ್ಥರ್ ಜಾರ್ಜ್ ಎಂಬುವನು ಲೀಡ್ಸ್ ನಗರದಲ್ಲಿ ಕುಳಿತು ತನ್ನ ತಂದೆಯ ಪುಡಿ ಹಿಂದಕ್ಕೆ ತಳ್ಳಿದ ಗಿಡಮೂಲದ ಬಣ್ಣಗಳನ್ನೇ ಆಯುಷ್ಯವಿಡೀ ಪರೀಕ್ಷಿಸಿದನು. ೧೮೯೩ರಲ್ಲಿ ಅವನೂ ಹಮ್ಮೆಲ್ ಎಂಬುವನೂ ವಿವರಿಸಿದ್ದು ದಕ್ಷಿಣ ಹಿಂದೂಸ್ಥಾನದ ಪೂರ್ವ ಕರಾವಳಿಯ ಬಟ್ಟೆಗಳಿಗೆ ಕೆಂಪು ಕೊಡುತ್ತಿದ್ದ ಚಾಯ್ ಬೇರನ್ನು. ಆ ಬೇರಿನೊಳಗೂ ಇದ್ದದ್ದು ಅಲಿಜರಿನ್.