ಕ್ಲಾರ್ಕ್ ಶಾನೆಸ್ಸಿ

ಕ್ಲಾರ್ಕ್ ಡೇನಿಯಲ್ ಶಾನೆಸ್ಸಿ (ಮಾರ್ಚ್ 6, 1892 – ಮೇ 15, 1970) ಅಮೆರಿಕನ್ ಫುಟ್‌ಬಾಲ್ ಕ್ರೀಡೆಯ ಪ್ರಸಿದ್ಧ ತರಬೇತುದಾರರು. ಬಳಕೆಯಿಂದ ಬಹುಮಟ್ಟಿಗೆ ಮರೆಯಾಗಿದ್ದ ಟಿ ವ್ಯೂಹವನ್ನು ಪರಿಷ್ಕರಿಸಿ ಕಾಲೇಜು ಕ್ರೀಡೆಗೆ ಮರಳಿ ತಂದವರಲ್ಲಿ ಇವರು ಪ್ರಮುಖರು. 1940ರ ವಸಂತಕಾಲದಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಫ್ರಾಂಕಿ ಆಲ್ಬರ್ಟ್ ಎಂಬ ವಿದ್ಯಾರ್ಥಿಯನ್ನು ಹೊಸ ಮಾದರಿಯ ಕ್ವಾರ್ಟರ್‌ಬ್ಯಾಕ್ ಆಗಿ ರೂಪಿಸಿದ್ದು ಇವರ ವೃತ್ತಿಜೀವನದ ಅತ್ಯಂತ ಮಹತ್ವದ ಕಾರ್ಯ. ಇಂದು ಕ್ವಾರ್ಟರ್‌ಬ್ಯಾಕ್ ತಂಡದ ಕೇಂದ್ರವ್ಯಕ್ತಿಯಾಗಿರುವುದಕ್ಕೆ ಈ ಪ್ರಯೋಗವೂ ಒಂದು ಕಾರಣ.

ಆರಂಭಿಕ ಜೀವನ

ಶಾನೆಸ್ಸಿ ಅವರು ಮಿನ್ನೆಸೋಟ ರಾಜ್ಯದ ಸೇಂಟ್ ಕ್ಲೌಡ್‌ನಲ್ಲಿ ಜನಿಸಿದರು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತ, ಹೆನ್ರಿ ವಿಲಿಯಮ್ಸ್ ಅವರ ಮಾರ್ಗದರ್ಶನದಲ್ಲಿ ಫುಟ್‌ಬಾಲ್ ಆಡಿದರು. 1915ರಲ್ಲಿ ನ್ಯೂ ಆರ್ಲಿಯನ್ಸ್ ನಗರದ ಟುಲೇನ್ ವಿಶ್ವವಿದ್ಯಾಲಯದ ತರಬೇತುದಾರರಾದರು. ನಡುವೆ ಒಂದು ವರ್ಷದ ಬಿಡುವನ್ನು ಬಿಟ್ಟರೆ 1926ರವರೆಗೂ ಅಲ್ಲಿಯೇ ಇದ್ದರು. 1925ರಲ್ಲಿ ಇವರ ತಂಡ 9 ಪಂದ್ಯಗಳನ್ನು ಗೆದ್ದು, ಒಂದನ್ನು ಸಮಮಾಡಿಕೊಂಡು, ಅಜೇಯವಾಗಿ ಉಳಿಯಿತು. 1927ರಿಂದ 1932ರವರೆಗೆ ಅದೇ ನಗರದ ಲೊಯೊಲಾ ವಿಶ್ವವಿದ್ಯಾಲಯದಲ್ಲಿ ಸೇವೆ ಸಲ್ಲಿಸಿದರು.

ಷಿಕಾಗೋ ವರ್ಷಗಳು

1933ರಲ್ಲಿ ಷಿಕಾಗೋ ವಿಶ್ವವಿದ್ಯಾಲಯವು ನಾಲ್ಕು ದಶಕಗಳ ಕಾಲ ತಂಡವನ್ನು ನಡೆಸಿದ್ದ ಏಮೊಸ್ ಅಲೊಂಜೊ ಸ್ಟ್ಯಾಗ್ ಅವರ ಸ್ಥಾನಕ್ಕೆ ಶಾನೆಸ್ಸಿ ಅವರನ್ನು ಕರೆತಂದಿತು. ಇವರ ಶಿಷ್ಯ ಜೇ ಬರ್ವಾಂಗರ್ 1935ರಲ್ಲಿ, ಮುಂದೆ ಹೈಸ್‌ಮನ್ ಟ್ರೋಫಿ ಎಂದು ಹೆಸರಾದ ಪ್ರಶಸ್ತಿಯನ್ನು ಪಡೆದ ಮೊದಲಿಗರು. ಆದರೆ ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅವರಿಗೆ ಕಾಲೇಜುಗಳಲ್ಲಿ ಕ್ರೀಡೆಗೆ ದೊರೆಯುತ್ತಿದ್ದ ಅತಿಯಾದ ಪ್ರಾಮುಖ್ಯ ಒಪ್ಪಿಗೆಯಾಗಿರಲಿಲ್ಲ. ತಂಡ ವರ್ಷದಿಂದ ವರ್ಷಕ್ಕೆ ಬಲಗುಂದಿತು. 1939ರಲ್ಲಿ ಮಿಷಿಗನ್ ವಿರುದ್ಧ 85–0 ಅಂತರದ ಸೋಲನ್ನು ಅನುಭವಿಸಿತು. ಆ ವರ್ಷದ ಕೊನೆಯಲ್ಲಿ ವಿಶ್ವವಿದ್ಯಾಲಯವು ಫುಟ್‌ಬಾಲ್ ತಂಡವನ್ನೇ ರದ್ದುಗೊಳಿಸಿತು. ಏಳು ಋತುಗಳಲ್ಲಿ 17 ಗೆಲುವು, 34 ಸೋಲು ಮತ್ತು 4 ಸಮ ಫಲಿತಾಂಶಗಳನ್ನು ಕಂಡ ಶಾನೆಸ್ಸಿ ಅವರನ್ನು ಆಗ ಯಶಸ್ವಿ ತರಬೇತುದಾರರೆಂದು ಹೇಳುವವರು ಕಡಿಮೆ.

ಆದರೆ ಇದೇ ಅವಧಿಯಲ್ಲಿ ಇವರು ಷಿಕಾಗೋ ಬೇರ್ಸ್ ಎಂಬ ವೃತ್ತಿಪರ ತಂಡದ ಮಾಲೀಕ ಹಾಗೂ ತರಬೇತುದಾರ ಜಾರ್ಜ್ ಹಾಲಸ್ ಅವರೊಂದಿಗೆ ಕೆಲಸ ಮಾಡುತ್ತಿದ್ದರು. ಬೇರ್ಸ್ ತಂಡ ಬಳಸುತ್ತಿದ್ದ ಟಿ ವ್ಯೂಹಕ್ಕೆ ಹೊಸ ಆಟಕ್ರಮಗಳನ್ನು ರಚಿಸಿಕೊಟ್ಟರು. ಕಾಲೇಜಿನಲ್ಲಿ ಸೋಲುತ್ತಿದ್ದ ವರ್ಷಗಳೇ ಇವರ ಅಧ್ಯಯನದ ವರ್ಷಗಳೂ ಆಗಿದ್ದವು.

ಟಿ ವ್ಯೂಹ

ಅಮೆರಿಕನ್ ಫುಟ್‌ಬಾಲ್ ಭಾರತದಲ್ಲಿ ಪರಿಚಿತವಾಗಿರುವ ಕಾಲ್ಚೆಂಡಾಟವಲ್ಲ. ಇಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು ಹಾಗೂ ಎಸೆಯುವುದು ಮುಖ್ಯ. ಮುಂಚೂಣಿಯ ಮಧ್ಯದಲ್ಲಿರುವ ಸೆಂಟರ್ ಆಟಗಾರ ಚೆಂಡನ್ನು ಹಿಂದಕ್ಕೆ ಕೊಡುವುದರೊಂದಿಗೆ ಪ್ರತಿ ಆಟವೂ ಆರಂಭವಾಗುತ್ತದೆ.

1930ರ ದಶಕದಲ್ಲಿ ಹೆಚ್ಚಿನ ತಂಡಗಳು ಸಿಂಗಲ್ ವಿಂಗ್ ವ್ಯೂಹವನ್ನು ಅನುಸರಿಸುತ್ತಿದ್ದವು. ಅದರಲ್ಲಿ ನಾಲ್ಕೈದು ಗಜ ಹಿಂದೆ ನಿಂತ ಟೈಲ್‌ಬ್ಯಾಕ್ ಸಾಮಾನ್ಯವಾಗಿ ಚೆಂಡನ್ನು ಪಡೆಯುತ್ತಿದ್ದ. ಓಡುವುದು, ಎಸೆಯುವುದು, ಒದೆಯುವುದು ಬಹುಪಾಲು ಅವನದೇ ಹೊಣೆ. ಕ್ವಾರ್ಟರ್‌ಬ್ಯಾಕ್‌ನ ಮುಖ್ಯ ಕೆಲಸ ಎದುರಾಳಿಗಳನ್ನು ತಡೆಯುವುದಾಗಿತ್ತು. ಟಿ ವ್ಯೂಹದಲ್ಲಿ ಕ್ವಾರ್ಟರ್‌ಬ್ಯಾಕ್ ಸೆಂಟರ್‌ನ ಬೆನ್ನಹಿಂದೆಯೇ ನಿಂತು ಚೆಂಡನ್ನು ನೇರವಾಗಿ ಕೈಗೆ ಪಡೆಯುತ್ತಾನೆ. ಅವನ ಹಿಂದೆ ಮೂವರು ಓಟಗಾರರು ಸಾಲಾಗಿ ನಿಲ್ಲುವುದರಿಂದ ಟಿ ಅಕ್ಷರದ ಆಕಾರ ಮೂಡುತ್ತದೆ. ಚೆಂಡನ್ನು ಯಾರಿಗೆ ಕೊಟ್ಟ, ಯಾರಿಗೆ ಕೊಟ್ಟಂತೆ ನಟಿಸಿದ ಎಂಬುದು ಎದುರಾಳಿಗೆ ತಿಳಿಯುವಷ್ಟರಲ್ಲಿ ಓಟಗಾರ ಮುಂದೆ ಸಾಗಿರುತ್ತಾನೆ. ಮುಂಚೂಣಿಯವರು ಎದುರಾಳಿಯನ್ನು ಕ್ಷಣಕಾಲ ತಡೆದರೂ ಸಾಕು. ಹೀಗೆ ದೇಹಬಲಕ್ಕಿಂತ ವೇಗ ಮತ್ತು ವಂಚನೆಗೆ ಹೆಚ್ಚಿನ ಬೆಲೆ ಬಂದಿತು.

1940ರ ವಸಂತಕಾಲದ ಅಭ್ಯಾಸ

1940ರ ಆರಂಭದಲ್ಲಿ ಶಾನೆಸ್ಸಿ ಅವರು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ತಂಡದ ತರಬೇತುದಾರರಾದರು. ಆ ತಂಡ ಹಿಂದಿನ ಋತುವಿನಲ್ಲಿ ಒಂದೇ ಪಂದ್ಯವನ್ನು ಗೆದ್ದು, ಏಳನ್ನು ಸೋತಿತ್ತು. ಸೋತ ತಂಡಕ್ಕೆ ಸೋತ ತರಬೇತುದಾರ ಬಂದಂತಾಗಿತ್ತು.

ಕಾಲೇಜು ಫುಟ್‌ಬಾಲ್ ಪಂದ್ಯಗಳು ನಡೆಯುವುದು ಶರತ್ಕಾಲದಲ್ಲಿ. ವಸಂತಕಾಲದ ಅಭ್ಯಾಸದ ವೇಳೆ ಎದುರಿಗೆ ಪಂದ್ಯಗಳ ಒತ್ತಡವಿರುವುದಿಲ್ಲ. ಹೊಸ ವ್ಯೂಹವನ್ನು ಕಲಿಸಲು, ಆಟಗಾರರ ಸ್ಥಾನಗಳನ್ನು ಬದಲಿಸಲು, ಮುಂದಿನ ಋತುವಿಗೆ ಕ್ವಾರ್ಟರ್‌ಬ್ಯಾಕ್ ಒಬ್ಬರನ್ನು ಸಿದ್ಧಗೊಳಿಸಲು ಅದೇ ಸೂಕ್ತ ಸಮಯ. ಆ ವಸಂತದಲ್ಲಿ ಶಾನೆಸ್ಸಿ ಅವರು ಈ ಮೂರನ್ನೂ ಒಟ್ಟಿಗೆ ಕೈಗೆತ್ತಿಕೊಂಡರು.

ಇವರು ಆರಿಸಿದ ಫ್ರಾಂಕಿ ಆಲ್ಬರ್ಟ್ ಹಿಂದಿನ ವರ್ಷ ಸಿಂಗಲ್ ವಿಂಗ್‌ನಲ್ಲಿ ಟೈಲ್‌ಬ್ಯಾಕ್ ಆಗಿ ಆಡಿದ್ದರು. ಸುಮಾರು 5 ಅಡಿ 9 ಅಂಗುಲ ಎತ್ತರದ ಈ ಎಡಗೈ ಆಟಗಾರರು ಬಲಿಷ್ಠ ಓಟಗಾರರೂ ಆಗಿರಲಿಲ್ಲ, ಎದುರಾಳಿಗಳನ್ನು ಕೆಡವುವ ಮೈಕಟ್ಟೂ ಅವರಿಗಿರಲಿಲ್ಲ. ಹಳೆಯ ವ್ಯೂಹದಲ್ಲಿ ಇವು ಕೊರತೆಗಳು. ಆದರೆ ಚೆಂಡನ್ನು ನಿರ್ವಹಿಸುವ ಕೈಚಳಕ, ನಿಖರವಾದ ಎಸೆತ ಮತ್ತು ಚುರುಕುಬುದ್ಧಿ ಅವರಲ್ಲಿದ್ದವು. ಟಿ ವ್ಯೂಹ ಬಯಸುತ್ತಿದ್ದುದು ಇವುಗಳನ್ನೇ. ಆಟಗಾರನನ್ನು ಸ್ಥಾನಕ್ಕೆ ತಕ್ಕಂತೆ ತಿದ್ದುವ ಬದಲು, ಅವನ ಗುಣಗಳಿಗೆ ತಕ್ಕ ಸ್ಥಾನವನ್ನು ಶಾನೆಸ್ಸಿ ಅವರು ಒದಗಿಸಿದರು.

ಕಲಿಯಬೇಕಾದುದು ಬಹಳವಿತ್ತು. ಸೆಂಟರ್‌ನಿಂದ ಚೆಂಡನ್ನು ಕೈತಪ್ಪದಂತೆ ಪಡೆಯುವುದು, ಪಾದದ ಮೇಲೆ ತಿರುಗುವುದು, ಓಟಗಾರನ ಹೆಜ್ಜೆಗೆ ಸರಿಯಾಗಿ ಚೆಂಡನ್ನು ಒಪ್ಪಿಸುವುದು, ಕೊಡದೆಯೂ ಕೊಟ್ಟಂತೆ ತೋರಿಸುವುದು, ಹಿಂದೆ ಸರಿದು ಎಸೆಯುವುದು ಇವೆಲ್ಲ ಯೋಚನೆಯಿಲ್ಲದೆ ನಡೆಯುವಷ್ಟು ರೂಢಿಯಾಗಬೇಕಿತ್ತು. ಅರ್ಧ ಹೆಜ್ಜೆ ತಪ್ಪಿದರೂ ಚೆಂಡು ನೆಲಕ್ಕೆ ಬೀಳುತ್ತಿತ್ತು. ಈ ಪಾಠಗಳಿಗಾಗಿ ಬೇರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಬರ್ನಿ ಮಾಸ್ಟರ್‌ಸನ್ ಅವರನ್ನು ಶಾನೆಸ್ಸಿ ಅವರು ನೆರವಿಗೆ ಕರೆಸಿಕೊಂಡರು. ಮೈದಾನದ ಹೊರಗಿನಿಂದ ಸೂಚನೆ ನೀಡುವುದನ್ನು ಆ ಕಾಲದ ನಿಯಮಗಳು ನಿಷೇಧಿಸಿದ್ದವು. ಆದ್ದರಿಂದ ಯಾವ ಆಟ ಆಡಬೇಕೆಂಬ ತೀರ್ಮಾನವನ್ನೂ ಆಲ್ಬರ್ಟ್ ಅವರೇ ಕೈಗೊಳ್ಳಬೇಕಾಗಿತ್ತು.

ಆಲ್ಬರ್ಟ್ ಅವರ ಹಿಂದೆ ಫುಲ್‌ಬ್ಯಾಕ್ ನಾರ್ಮ್ ಸ್ಟ್ಯಾಂಡ್ಲೀ ಹಾಗೂ ಹಾಫ್‌ಬ್ಯಾಕ್‌ಗಳಾದ ಹ್ಯೂ ಗಲಾರ್ನೊ ಮತ್ತು ಪೀಟ್ ಕ್ಮೆಟೊವಿಕ್ ನಿಂತರು. ಒಬ್ಬರ ಬಲ ಮತ್ತು ಇನ್ನಿಬ್ಬರ ವೇಗ ಸೇರಿ ವ್ಯೂಹ ಪೂರ್ಣವಾಯಿತು.

ಅಜೇಯ ಋತು

1940ರ ಸೆಪ್ಟೆಂಬರ್ 28ರಂದು ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯವನ್ನು 27–0 ಅಂತರದಿಂದ ಸೋಲಿಸುವುದರೊಂದಿಗೆ ಸ್ಟ್ಯಾನ್‌ಫೋರ್ಡ್ ಋತುವನ್ನು ಆರಂಭಿಸಿತು. ಎಲ್ಲ ಗೆಲುವುಗಳೂ ಸುಲಭವಾಗಿರಲಿಲ್ಲ. ಸಾಂಟಾ ಕ್ಲಾರಾ ವಿರುದ್ಧ ಒಂದೇ ಅಂಕದ ಅಂತರದಿಂದ, 7–6ರಲ್ಲಿ, ಗೆಲುವು ದೊರೆಯಿತು. ವಾಷಿಂಗ್ಟನ್ ವಿರುದ್ಧ 10 ಅಂಕಗಳ ಹಿನ್ನಡೆಯಿಂದ ಚೇತರಿಸಿಕೊಂಡು 20–10ರಲ್ಲಿ ಜಯ ಗಳಿಸಿತು. ನಿಯಮಿತ ಋತುವಿನ ಒಂಬತ್ತೂ ಪಂದ್ಯಗಳನ್ನು ಗೆದ್ದು ರೋಸ್ ಬೌಲ್ ಪಂದ್ಯಕ್ಕೆ ಅರ್ಹತೆ ಪಡೆಯಿತು.

ರೋಸ್ ಬೌಲ್‌ಗೆ ಮುನ್ನ ಶಾನೆಸ್ಸಿ ಅವರು ಹಾಲಸ್ ಅವರಿಗೂ ನೆರವಾದರು. ಮೂರು ವಾರಗಳ ಹಿಂದೆ ವಾಷಿಂಗ್ಟನ್ ರೆಡ್‌ಸ್ಕಿನ್ಸ್ ತಂಡಕ್ಕೆ 7–3ರಲ್ಲಿ ಸೋತಿದ್ದ ಬೇರ್ಸ್, ಡಿಸೆಂಬರ್ 8ರ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಅದೇ ತಂಡವನ್ನು 73–0 ಅಂತರದಿಂದ ಸೋಲಿಸಿತು. 1941ರ ಜನವರಿ 1ರಂದು ಪ್ಯಾಸಡೀನಾದಲ್ಲಿ ಸ್ಟ್ಯಾನ್‌ಫೋರ್ಡ್ ತಂಡವು ನೆಬ್ರಾಸ್ಕಾವನ್ನು 21–13ರಿಂದ ಮಣಿಸಿತು. ಆ ಪಂದ್ಯದಲ್ಲಿ ಆಲ್ಬರ್ಟ್ ಅವರ ಎಸೆತದಿಂದ ಗಲಾರ್ನೊ ಒಂದು ಟಚ್‌ಡೌನ್ ಗಳಿಸಿದರು. ಶಾನೆಸ್ಸಿ ಅವರು 1940ರ ವರ್ಷದ ತರಬೇತುದಾರರಾಗಿ ಆಯ್ಕೆಯಾದರು.

ಪರಿಣಾಮ

ಈ ಎರಡು ಗೆಲುವುಗಳ ನಂತರ ಅನೇಕ ತಂಡಗಳು ಟಿ ವ್ಯೂಹದತ್ತ ಹೊರಳಿದವು. 1942ರಲ್ಲಿ ನಾಟ್ರ ಡೇಮ್ ವಿಶ್ವವಿದ್ಯಾಲಯದ ಫ್ರಾಂಕ್ ಲೀಹಿ ಅವರು ಟೈಲ್‌ಬ್ಯಾಕ್ ಆಗಿದ್ದ ಆಂಜೆಲೊ ಬರ್ಟೆಲ್ಲಿ ಅವರನ್ನು ಕ್ವಾರ್ಟರ್‌ಬ್ಯಾಕ್ ಆಗಿ ಪರಿವರ್ತಿಸಿದರು. ಮರುವರ್ಷ ಬರ್ಟೆಲ್ಲಿ ಅವರಿಗೆ ಹೈಸ್‌ಮನ್ ಟ್ರೋಫಿ ದೊರೆಯಿತು.

ಶಾನೆಸ್ಸಿ ಅವರಿಗೆ ಮಾತ್ರ ಆ ಯಶಸ್ಸು ಮರುಕಳಿಸಲಿಲ್ಲ. 1941ರಲ್ಲಿ ಆಲ್ಬರ್ಟ್ ಇದ್ದರೂ ಸ್ಟ್ಯಾಂಡ್ಲೀ ಮತ್ತು ಗಲಾರ್ನೊ ಬೇರ್ಸ್ ತಂಡವನ್ನು ಸೇರಿಯಾಗಿತ್ತು. ಸ್ಟ್ಯಾನ್‌ಫೋರ್ಡ್ ಮೂರು ಪಂದ್ಯಗಳನ್ನು ಸೋತಿತು. ವ್ಯೂಹವೊಂದೇ ಗೆಲುವು ತಾರದು, ಅದಕ್ಕೆ ಹೊಂದುವ ಆಟಗಾರರೂ ಬೇಕು ಎಂಬುದನ್ನು ಇವರ ಮುಂದಿನ ವರ್ಷಗಳೂ ತೋರಿಸಿದವು.

ನಂತರದ ವರ್ಷಗಳು

1942ರಲ್ಲಿ ಮೇರಿಲ್ಯಾಂಡ್, 1943ರಿಂದ 1945ರವರೆಗೆ ಪಿಟ್ಸ್‌ಬರ್ಗ್, 1946ರಲ್ಲಿ ಮತ್ತೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳಲ್ಲಿ ತರಬೇತಿ ನೀಡಿದರು. 1948 ಮತ್ತು 1949ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ವೃತ್ತಿಪರ ತಂಡದ ಮುಖ್ಯ ತರಬೇತುದಾರರಾಗಿದ್ದರು. 1949ರಲ್ಲಿ ಆ ತಂಡ ಚಾಂಪಿಯನ್‌ಷಿಪ್ ಪಂದ್ಯವನ್ನು ತಲುಪಿ ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ 14–0ರಲ್ಲಿ ಸೋತಿತು. ಬಳಿಕ ಇವರು ಆ ಹುದ್ದೆಯನ್ನು ಕಳೆದುಕೊಂಡರು. 1951ರಿಂದ 1962ರವರೆಗೆ ಬೇರ್ಸ್ ತಂಡದ ರಕ್ಷಣಾ ವಿಭಾಗದಲ್ಲಿ ಕೆಲಸ ಮಾಡಿದರು. ದಾಳಿಯ ವ್ಯೂಹವನ್ನು ರೂಪಿಸಿದವರೇ ಅದನ್ನು ಎದುರಿಸುವ ಉಪಾಯಗಳನ್ನು ಹುಡುಕಬೇಕಾಯಿತು. 1965ರಲ್ಲಿ ಹವಾಯಿ ವಿಶ್ವವಿದ್ಯಾಲಯದ ತಂಡಕ್ಕೆ ತರಬೇತಿ ನೀಡಿದರು.

ಆಲ್ಬರ್ಟ್ ಅವರು 1946ರಿಂದ 1952ರವರೆಗೆ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ಹೆಸರು ಗಳಿಸಿದರು.

ಗೌರವ ಮತ್ತು ನಿಧನ

1968ರಲ್ಲಿ ಶಾನೆಸ್ಸಿ ಅವರು ಕಾಲೇಜು ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರು. 1970ರ ಮೇ 15ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ ನಿಧನರಾದರು.